ಸತಿಪತಿಗಳ ನಡುವೆ ಮಾತು ನಿಂತಾಗ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದನೆಂದೂ, ಪತ್ನಿ ಲಕ್ಕಮ್ಮ ಅದನ್ನೊಪ್ಪದೆ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದೂ ಶರಣಚರಿತೆಯಲ್ಲಿ ಪ್ರಸಿದ್ಧವಾಗಿದೆ. ಲಕ್ಕಮ್ಮನ ನಿರ್ಲೋಭವನ್ನು ಎಲ್ಲರೂ ಕೊಂಡಾಡುವರು. ಮಾರಯ್ಯನ ಕಿವಿಯನ್ನು ಕೊಂಡಾಡುವವರು ವಿರಳ. ಹೆಂಡತಿ ತಪ್ಪು ತೋರಿಸಿದಳೆಂದು ಆತನು ಮುಖ ತಿರುಗಿಸಲಿಲ್ಲ. ಹೇಳುವ ಧೈರ್ಯವೂ ಕೇಳುವ ಸೌಜನ್ಯವೂ ಇದ್ದುದರಿಂದ ಆ ಮನೆಗೆ ಮೂರನೆಯವರ ಅಗತ್ಯ ಬೀಳಲಿಲ್ಲ. ಇವೆರಡರಲ್ಲಿ ಒಂದು ಇಲ್ಲದಾದಾಗ ಗೃಹಸ್ಥರು ಯಾವಾಗ, ಯಾರ ಬಳಿಗೆ ಹೋಗಬೇಕು?

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವುಂಟು. ತೋಟದ ನಡುವೆ ಒಂಟಿ ಮನೆ. ತಿಂಗಳುಗಟ್ಟಲೆ ಬಿಡದ ಮಳೆ. ಕತ್ತಲಾದ ಮೇಲೆ ಆನೆಯ ಭಯ. ಬಯಲುಸೀಮೆಯ ಕೇರಿಯಲ್ಲಿ ಜಗಳದ ದನಿ ಕೇಳಿದರೆ ಪಕ್ಕದ ಮನೆಯ ಅಜ್ಜಿಯಾದರೂ ಬಾಗಿಲಿಗೆ ಬಂದು ನಿಲ್ಲುತ್ತಾಳೆ; ಇಲ್ಲಿ ಆ ಅಜ್ಜಿಯಿಲ್ಲ. ಕಾಫಿಯ ಹಣ ವರ್ಷಕ್ಕೊಮ್ಮೆ ಬರುವಂಥದು, ಸಾಲ ಮಾತ್ರ ವರ್ಷವಿಡೀ ಇರುವಂಥದು. ಗಂಡನು ಬಚ್ಚಿಟ್ಟ ಸಾಲದ ಸುದ್ದಿ ಹೆಂಡತಿಗೆ ಬ್ಯಾಂಕಿನ ನೋಟೀಸಿನಿಂದ ತಿಳಿಯುವುದುಂಟು. ಆ ದಿನದ ಜಗಳಕ್ಕಿಂತ ಅನಂತರದ ಮೌನವೇ ಹೆಚ್ಚು ಕೆಡುಕನ್ನು ಮಾಡುತ್ತದೆ.

ಅರೇಬಿಕಾ ಗಿಡದ ಬಿಳಿ ಕಾಂಡಕೊರಕವನ್ನು ಇಲ್ಲಿಯ ಬೆಳೆಗಾರರಿಗೆ ಪರಿಚಯಿಸಬೇಕಾಗಿಲ್ಲ. ಹುಳು ಕಾಂಡದೊಳಗೆ ಕೊರೆಯುತ್ತಿದ್ದರೂ ಮೊದಮೊದಲು ಎಲೆ ಹಸಿರಾಗಿಯೇ ಕಾಣುತ್ತದೆ. ತೊಗಟೆಯ ಮೇಲೆ ಏಳುವ ಉಬ್ಬುಗೆರೆಗಳೇ ಕುರುಹು. ಆಗಲೇ ಕಂಡರೆ ಕಾಂಡವನ್ನು ಬುಡದಲ್ಲಿ ಕತ್ತರಿಸಿ ಹೊಸ ಚಿಗುರನ್ನು ಬೆಳೆಸಬಹುದು. ಹುಳು ಬೇರಿಗಿಳಿದರೆ ಗಿಡವನ್ನು ಕಿತ್ತು ಸುಡಬೇಕು. ಗಿಡಗಿಡದ ಬುಡಕ್ಕೆ ಬಗ್ಗಿ ನೋಡುವ ಯಜಮಾನನು ತನ್ನ ಮನೆಯೊಳಗೆ ಹಾಗೆ ನೋಡುವುದು ಅಪರೂಪ.

ದಾಂಪತ್ಯದ ಉಬ್ಬುಗೆರೆ ಯಾವುದು? ಜಗಳವಲ್ಲ, ಜಗಳವಾಡಿ ಅನ್ನಕ್ಕೆ ಒಟ್ಟಿಗೆ ಕೂರುವ ಮನೆಗಳು ಎಷ್ಟೋ ಇವೆ. ಒಂದೇ ಜಗಳ ತಿಂಗಳಾನುಗಟ್ಟಲೆ ಇತ್ಯರ್ಥವಾಗದೆ ಮರಳಿ ಬರುವುದು ಒಂದು ಕುರುಹು. ಹಣವನ್ನೋ ಕುಡಿತವನ್ನೋ ಮರೆಮಾಡುವುದು ಇನ್ನೊಂದು. ಎಲ್ಲಕ್ಕಿಂತ ಸ್ಪಷ್ಟವಾದುದು, “ಊಟಕ್ಕೆ ಬರಬೇಕಂತೆ ಎಂದು ನಿಮ್ಮಪ್ಪನಿಗೆ ಹೇಳು” ಎಂದು ಮಗುವಿನ ಬಾಯಲ್ಲಿ ಮಾತು ಕಳುಹಿಸುವುದು. ಅಲ್ಲಿಗೆ ಮೂರನೆಯವರು ಆಗಲೇ ಬಂದಾಯಿತು. ಆದರೆ ಹೊರಲಾರದ ಎಳೆಯ ಹೆಗಲಿಗೆ ಭಾರ ಬಿದ್ದಿತು. ಆ ಭಾರವನ್ನು ತಿಳಿದ ಹಿರಿಯರಿಗೆ ವರ್ಗಾಯಿಸಬೇಕಾದ ಕಾಲ ಅದೇ.

ನೆಂಟರ ಪಂಚಾಯತಿಗೂ ಆಪ್ತಸಮಾಲೋಚನೆಗೂ ಭೇದವಿದೆ. ಪಂಚಾಯತಿ ತಪ್ಪು ಯಾರದೆಂದು ತೀರ್ಮಾನಿಸುತ್ತದೆ. ಸೋತವರು ಮನೆಗೆ ಮರಳಿ ಸೇಡು ತೀರಿಸಿಕೊಳ್ಳುತ್ತಾರೆ. ಸಮಾಲೋಚಕರು ತೀರ್ಪು ಕೊಡುವವರಲ್ಲ. ಇಬ್ಬರನ್ನೂ ಬೇರೆಬೇರೆಯಾಗಿ, ಒಟ್ಟಿಗೆ ಕೂಡಿಸಿ ಕೇಳಿ, ನಿಂತ ಮಾತನ್ನು ಮತ್ತೆ ನಡೆಯಿಸುವುದು, ಕೇಳಿದುದನ್ನು ಗುಟ್ಟಾಗಿಡುವುದು ಅವರ ಕಾಯಕ. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮವು ನ್ಯಾಯಾಧೀಶರಿಗೂ ಮೊದಲು ರಾಜಿಗೆ ಪ್ರಯತ್ನಿಸುವ ಹೊಣೆ ಹೊರಿಸಿದೆ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಕುಟುಂಬದ ವ್ಯಾಜ್ಯಗಳನ್ನು ಆಲಿಸುವ ಪರಂಪರೆಯಿದೆ. ಮನಸ್ಸಿನ ವಿಷಯಕ್ಕೆ ವೈದ್ಯರ ನೆರವು ಬೇಕಾದಲ್ಲಿ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು. ಸಕಲೇಶಪುರದಿಂದ ಸುಮಾರು 40 ಕಿಲೋಮೀಟರಿನ ದಾರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ಗೆ 14416ರಲ್ಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕುಡಿತವೇ ಮೂಲವಾಗಿದ್ದರೆ ಅದರ ಚಿಕಿತ್ಸೆಯನ್ನು ಕಡೆಗಣಿಸಿ ಉಳಿದ ಮಾತು ಫಲಿಸದು.

ಕೊಯ್ಲು ಮುಗಿಯಲಿ, ಹೂಮಳೆ ಬೀಳಲಿ, ಮಗಳ ಪರೀಕ್ಷೆಯಾಗಲಿ ಎಂದು ಮುಂದೂಡುವುದು ಇಲ್ಲಿಯ ವಾಡಿಕೆ. “ಹುಚ್ಚರ ಡಾಕ್ಟರ ಬಳಿಗೆ ಬರಲೊಲ್ಲೆ” ಎನ್ನುವ ಯಜಮಾನರೂ ಇದ್ದಾರೆ. ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರು ಕಾಯಬೇಕಾಗಿಲ್ಲ, ಒಬ್ಬರೇ ಹೋಗಬಹುದು. ಒಬ್ಬರ ನಡೆ ಬದಲಾದರೂ ಮನೆಯ ಗತಿ ಬದಲಾಗುವುದುಂಟು.

ಹೊಡೆತವಿರುವ ಮನೆಯ ವಿಚಾರ ಬೇರೆ. ‘ಶರಣಸತಿ ಲಿಂಗಪತಿ’ ಎಂಬ ತತ್ತ್ವವನ್ನು ಮುಂದೊಡ್ಡಿ ಹೆಣ್ಣಿಗೆ ಸಹಿಸಿಕೋ ಎಂದು ಬೋಧಿಸುವವರಿದ್ದಾರೆ. ಆ ತತ್ತ್ವದಲ್ಲಿ ಪತಿಯಾದವನು ಲಿಂಗನೊಬ್ಬನೇ. ಶರಣರೆಲ್ಲರೂ, ಗಂಡಸರೂ ಕೂಡ, ಸತಿಯರೇ. ತಾಳಿ ಕಟ್ಟಿದವನನ್ನು ಲಿಂಗದ ಸ್ಥಾನದಲ್ಲಿ ಕೂರಿಸಲು ಅಲ್ಲಿ ಎಡೆಯಿಲ್ಲ. ಇಂಥ ಮನೆಯ ಇಬ್ಬರನ್ನೂ ಒಟ್ಟಿಗೆ ಕೂಡಿಸಿ ಮಾತನಾಡಿಸುವುದು ಅಪಾಯ. ಹಗಲು ಆಕೆ ಹೇಳಿದ ಸತ್ಯಕ್ಕೆ ರಾತ್ರಿ ಪೆಟ್ಟು ಬೀಳುತ್ತದೆ. ಮೊದಲು ಆಕೆಯ ಹಾಗೂ ಮಕ್ಕಳ ರಕ್ಷಣೆ. 181 ಮಹಿಳಾ ಸಹಾಯವಾಣಿಯಿದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದಡಿ ಸಂರಕ್ಷಣಾಧಿಕಾರಿಯ ನೆರವುಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ದೊರೆಯುವರು. ಇದಕ್ಕೆ ಗಂಡನ ಒಪ್ಪಿಗೆ ಬೇಕಿಲ್ಲ. ನೆಂಟರ ಒಪ್ಪಿಗೆಯೂ ಬೇಕಿಲ್ಲ.