ಹೊರಗಡಲಿನಲ್ಲಿ ಗಾಳದ ವಿಹಾರ: ಮೆಕ್ಸಿಕೋ ಕೊಲ್ಲಿಯ ನಿಬಂಧನೆಗಳು

ಮೀನು ಹಿಡಿಯುವುದು ಬೆಸ್ತರಿಗೂ ಮೊಗವೀರರಿಗೂ ಜೀವನೋಪಾಯವಾಗಿರುವಂತೆ ಬೇರೆ ಕೆಲವರಿಗೆ ವಿನೋದವೂ ಆಗಿರುತ್ತದೆ. ಕೆರೆಯ ಏರಿಯ ಮೇಲೆ ಗಾಳ ಹಾಕಿ ಕುಳಿತವನು ಸಂಜೆಗೆ ಎರಡು ಮೀನು ಮನೆಗೆ ತಂದರೆ ಕೆರೆಗೆ ನಷ್ಟವೇನೆಂದು ಯಾರೂ ಕೇಳುವುದಿಲ್ಲ. ಹಾಗೆ ಕುಳಿತುಕೊಳ್ಳುವವರು ಲಕ್ಷಗಟ್ಟಲೆಯಾದಾಗ ಮಾತ್ರ ಈ ಪ್ರಶ್ನೆಯು ಏಳುವುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣಕ್ಕಿರುವ ಮೆಕ್ಸಿಕೋ ಕೊಲ್ಲಿಯಲ್ಲಿ ಕೆಂಪು ಸ್ನ್ಯಾಪರ್ ಎಂಬ ಒಂದು ಜಾತಿಯ ಮೀನಿನ ಸಂಬಂಧದಲ್ಲಿ ಈ ಪ್ರಶ್ನೆಯು ಬಹುಕಾಲ ಚರ್ಚೆಗೆ ಗುರಿಯಾಗಿದೆ. ಕೆರೆ, ಗೋಮಾಳ, ತೋಪು ಮುಂತಾದ ಸಾಮಾನ್ಯ ಸ್ವತ್ತುಗಳ ಯೋಗಕ್ಷೇಮವನ್ನು ನೋಡಿಕೊಳ್ಳುವ ಊರಿನ ಮುಖಂಡರಿಗೆ ಅಲ್ಲಿನ ನಿಬಂಧನೆಗಳೂ ಅವುಗಳಿಂದ ಒದಗಿದ ತೊಡಕುಗಳೂ ವಿಚಾರಾರ್ಹವಾದುವು.

ಈ ಮೀನು ಕಡಲಿನ ತಳದಲ್ಲಿ ಬಂಡೆಗಳನ್ನೂ, ಎಣ್ಣೆ ತೆಗೆಯುವ ಕಟ್ಟಡಗಳ ಕಂಬಗಳನ್ನೂ ಆಶ್ರಯಿಸಿ ಬಾಳುತ್ತದೆ. ಐವತ್ತು ವರ್ಷಗಳಿಗೂ ಮೀರಿದ ಆಯಸ್ಸು ಇದಕ್ಕುಂಟು. ವಯಸ್ಸಾದಷ್ಟೂ ಮೊಟ್ಟೆಯ ಸಂಖ್ಯೆಯು ಅತಿಶಯವಾಗಿ ಹೆಚ್ಚುತ್ತದೆ. ೨೪ ಅಂಗುಲದ ಒಂದು ಹೆಣ್ಣು ಮೀನು ೧೭ ಅಂಗುಲದ ೨೧೨ ಹೆಣ್ಣು ಮೀನುಗಳು ಇಡುವಷ್ಟು ಮೊಟ್ಟೆಗಳನ್ನು ಇಡುವುದೆಂದು ಶಾಸ್ತ್ರಜ್ಞರು ಲೆಕ್ಕ ಹಾಕಿರುತ್ತಾರೆ. ಇಂಥ ಮೀನು ತಿನ್ನುವುದಕ್ಕೂ ರುಚಿ, ಗಾಳಕ್ಕೆ ಬೀಳುವುದೂ ಸುಲಭ. ಆದ್ದರಿಂದ ೧೯೮೦ರ ದಶಕದ ಕೊನೆಗೆ ಇದರ ಸಂತತಿಯು ಬಹಳ ಕ್ಷೀಣಿಸಿರುವುದಾಗಿ ತಿಳಿದುಬಂದಿತು.

ಯಾವ ನೀರು ಯಾರ ಅಧಿಕಾರಕ್ಕೆ ಸೇರಿದುದೆಂಬುದನ್ನು ಮೊದಲು ಅರಿಯಬೇಕು. ಅಲ್ಲಿ ದಡದ ಸಮೀಪದ ನೀರು ಆಯಾ ಸಂಸ್ಥಾನಕ್ಕೆ ಸೇರಿದ್ದು, ಸಾಮಾನ್ಯವಾಗಿ ೩ ನಾವಿಕ ಮೈಲಿಗಳವರೆಗೆ ವ್ಯಾಪಿಸಿರುತ್ತದೆ. ಟೆಕ್ಸಾಸಿಗೂ, ಕೊಲ್ಲಿಯ ಕಡೆಯ ಫ್ಲಾರಿಡಕ್ಕೂ ೯ ನಾವಿಕ ಮೈಲಿ. ಒಂದು ನಾವಿಕ ಮೈಲಿಯೆಂದರೆ ೧,೮೫೨ ಮೀಟರು. ಅದರಿಂದ ಆಚೆ ೨೦೦ ನಾವಿಕ ಮೈಲಿಗಳವರೆಗಿನ ಹೊರಗಡಲು ಕೇಂದ್ರ ಸರ್ಕಾರದ ಸ್ವಾಧೀನದಲ್ಲಿದ್ದು, ೧೯೭೬ರ ಮೀನುಗಾರಿಕೆಯ ಕಾಯಿದೆಯ ಮೇರೆಗೆ ಸ್ಥಾಪಿತವಾದ ಎಂಟು ಪ್ರಾಂತೀಯ ಮಂಡಲಿಗಳು ನಿಬಂಧನೆಗಳನ್ನು ಸೂಚಿಸುತ್ತವೆ. ನಮ್ಮ ದೇಶದಲ್ಲಿಯೂ ಇಂಥ ವಿಭಾಗವೇ ಇರುತ್ತದೆ: ದಡದಿಂದ ೧೨ ನಾವಿಕ ಮೈಲಿಗಳೊಳಗಣ ಮೀನುಗಾರಿಕೆ ರಾಜ್ಯಕ್ಕೂ, ಆಚೆಯದು ಕೇಂದ್ರಕ್ಕೂ ಸೇರಿದುದು. ಮೀನಿಗೆ ಮಾತ್ರ ಈ ಗಡಿಕಲ್ಲುಗಳು ಕಾಣವು. ತೊಡಕಿಗೆ ಮೂಲವು ಇದೇ.

ವಿಹಾರಕ್ಕಾಗಿ ಹೋಗುವವರ ಮೇಲೆ ವಿಧಿಸಲ್ಪಟ್ಟ ನಿಬಂಧನೆಗಳಲ್ಲಿ ಮುಖ್ಯವಾದುವು ಎರಡು. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ೧೬ ಅಂಗುಲಕ್ಕೆ ಕಡಿಮೆಯಿರುವ ಮೀನನ್ನು ಇಟ್ಟುಕೊಳ್ಳಕೂಡದೆಂಬುದು ಒಂದು. ಒಬ್ಬನು ದಿನಕ್ಕೆ ಇಷ್ಟೇ ಮೀನು ತರಬೇಕೆಂಬುದು ಇನ್ನೊಂದು. ೧೯೯೦ರಲ್ಲಿ ಏಳು ಎಂದಿದ್ದ ಈ ಸಂಖ್ಯೆಯು ೨೦೦೭ರಲ್ಲಿ ಎರಡಕ್ಕೆ ಇಳಿಯಿತು. ಇದಲ್ಲದೆ ವಿಹಾರದಲ್ಲಿ ಹಿಡಿದುದನ್ನು ಮಾರಕೂಡದು. ತಲೆಯನ್ನೂ ರೆಕ್ಕೆಗಳನ್ನೂ ಕತ್ತರಿಸದೆ ದಡಕ್ಕೆ ತರಬೇಕು. ಹಾಗಿಲ್ಲದಿದ್ದರೆ ಜಾತಿಯನ್ನೂ ಉದ್ದವನ್ನೂ ಪರೀಕ್ಷಿಸುವುದು ಅಧಿಕಾರಿಗಳಿಗೆ ಅಸಾಧ್ಯ. ಸಹಜವಾದ ಎರೆಯನ್ನು ಉಪಯೋಗಿಸುವಾಗ, ಕರುಳಿಗೆ ಚುಚ್ಚದೆ ಬಾಯಿಯ ಅಂಚಿಗೆ ಮಾತ್ರ ಸಿಕ್ಕಿಕೊಳ್ಳುವಂತೆ ಮೊನೆಯು ಒಳಕ್ಕೆ ಬಾಗಿರುವ ದುಂಡು ಗಾಳವನ್ನೇ ಕಟ್ಟಬೇಕೆಂದು ೨೦೦೮ರಲ್ಲಿ ವಿಧಿಸಲಾಯಿತು.

ಗಾತ್ರದ ನಿಯಮದಲ್ಲಿ ಒಂದು ಕುಂದು ಇಲ್ಲದಿಲ್ಲ. ಎಳೆಯದನ್ನು ಬಿಟ್ಟು ಬಲಿತುದನ್ನು ತೆಗೆದುಕೊಳ್ಳುವುದು, ಬಿತ್ತನೆಗೆ ಯೋಗ್ಯವಾದ ತೆನೆಗಳನ್ನೇ ಮೊದಲು ಕೊಯ್ದು ಸಂತೆಗೆ ಕಳುಹಿಸಿದ ಹಾಗೆ. ಮೇಲೆ ಹೇಳಿದ ಮೊಟ್ಟೆಗಳ ಲೆಕ್ಕವನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಈ ನಿಯಮವೊಂದನ್ನೇ ನಂಬಿ ಸಂತತಿಯನ್ನು ರಕ್ಷಿಸಲಾಗದು.

ಆದುದರಿಂದ ಇವೆಲ್ಲಕ್ಕೂ ಮೇಲೆ ವರ್ಷಕ್ಕೆ ಇಷ್ಟು ತೂಕದ ಮೀನನ್ನು ಮಾತ್ರ ತೆಗೆಯಬಹುದೆಂದು ಒಟ್ಟು ಮಿತಿಯೊಂದನ್ನು ಗೊತ್ತುಪಡಿಸಿ, ಅದರಲ್ಲಿ ನೂರಕ್ಕೆ ೫೧ ಪಾಲನ್ನು ವ್ಯಾಪಾರದ ಮೀನುಗಾರರಿಗೂ ೪೯ ಪಾಲನ್ನು ವಿಹಾರಿಗಳಿಗೂ ಹಂಚಲಾಯಿತು. ವಿಹಾರಿಗಳ ಪಾಲು ಎಷ್ಟು ದಿನಗಳಲ್ಲಿ ಮುಗಿಯುವುದೆಂದು ಅಂದಾಜು ಮಾಡಿ ಅಷ್ಟು ದಿನ ಮಾತ್ರ ಹೊರಗಡಲನ್ನು ತೆರೆಯುತ್ತಿದ್ದರು. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳೂ, ೧೦ ಅಶ್ವಶಕ್ತಿಗೆ ಮೀರಿದ ಯಂತ್ರವುಳ್ಳ ನಾಡದೋಣಿಗಳೂ ಮಳೆಗಾಲದ ನಿಷೇಧಕ್ಕಾಗಿ ದಡ ಸೇರುವ ಜೂನ್ ೧ನೆಯ ತಾರೀಖೇ ಅಲ್ಲಿ ಕಡಲು ತೆರೆಯುವ ದಿನವಾಗಿತ್ತು. ಜುಲೈ ೩೧ರವರೆಗಿನ ನಮ್ಮ ನಿಷೇಧವು ಮೀನು ಮರಿಮಾಡುವ ಕಾಲವನ್ನು ಲಕ್ಷಿಸಿದುದು. ಅಲ್ಲಿನದು ಕೇವಲ ಪಾಲಿನ ಲೆಕ್ಕವನ್ನು ಅನುಸರಿಸಿದುದು. ಸ್ನ್ಯಾಪರ್ ಬೇಸಗೆಯಲ್ಲಿಯೇ ಮೊಟ್ಟೆಯಿಡುವುದೆಂಬುದನ್ನು ಇಲ್ಲಿ ನೆನೆಯಬಹುದು.

ಇಲ್ಲಿಂದ ಮುಂದೆ ನಡೆದುದು ವಿಚಿತ್ರವಾಗಿದೆ. ನಿಬಂಧನೆಗಳ ಫಲವಾಗಿ ಮೀನು ಹೆಚ್ಚುತ್ತ ಬಂದಂತೆ ಹಿಡಿಯುವ ದಿನಗಳು ಕಡಿಮೆಯಾಗುತ್ತ ಹೋದುವು. ೨೦೦೮ರಲ್ಲಿ ೬೫ ದಿನಗಳಿದ್ದುದು ೨೦೧೪ರಲ್ಲಿ ೯ ದಿನಗಳಾಯಿತು. ೨೦೧೭ರಲ್ಲಿ ಖಾಸಗಿ ದೋಣಿಯವರಿಗೆ ಮೊದಲು ದೊರೆತುದು ೩ ದಿನ ಮಾತ್ರ. ಕಾರಣವಿಲ್ಲದೆ ಹೀಗಾದುದಲ್ಲ. ಮೀನು ದಟ್ಟವಾದಾಗ ಗಾಳಕ್ಕೆ ಬೇಗ ಬೇಗ ಬೀಳುತ್ತದೆ. ಮೀನಿನ ಗಾತ್ರವು ಬೆಳೆದುದರಿಂದ ಎರಡೇ ಮೀನಿನ ತೂಕವು ಹೆಚ್ಚಿ, ತೂಕದಿಂದ ಅಳೆದ ಪಾಲು ಬೇಗನೆ ತೀರುತ್ತದೆ. ಮೂರನೆಯದಾಗಿ, ಟೆಕ್ಸಾಸಿನವರು ತಮ್ಮ ನೀರನ್ನು ವರ್ಷವೆಲ್ಲ ತೆರೆದಿಟ್ಟಿದ್ದರು. ಬೇರೆ ಸಂಸ್ಥಾನಗಳೂ ತಮ್ಮ ಮೇರೆಯೊಳಗೆ ದಿನಗಳನ್ನು ಹೆಚ್ಚಿಸಿದುವು. ಅಲ್ಲಿ ಹಿಡಿದುದೆಲ್ಲವೂ ಅದೇ ಒಟ್ಟು ಪಾಲಿಗೆ ಜಮೆಯಾಗುತ್ತಿತ್ತು. ಮೇಲಿನ ಗದ್ದೆಯವರು ನೀರುಗಂಟಿಯ ಸರದಿಯನ್ನು ಮೀರಿ ತೂಬಿನ ಬಾಯಲ್ಲೇ ಕಾಲುವೆ ಒಡೆದುಕೊಂಡರೆ ಕೊನೆಯ ಗದ್ದೆಯವನಿಗೆ ಸರದಿಯಿದ್ದೂ ನೀರಿಲ್ಲದಂತಾಗುವುದಷ್ಟೆ. ಕೋಪಗೊಂಡ ವಿಹಾರಿಗಳು ಸರ್ಕಾರದವರ ಲೆಕ್ಕವೇ ಸುಳ್ಳೆಂದರು. ಆ ವರ್ಷ ಒತ್ತಾಯಕ್ಕೆ ಮಣಿದು ೩೯ ದಿನಗಳನ್ನು ಕೂಡಿಸಿಕೊಟ್ಟರು.

ಲೆಕ್ಕದ ವಿಷಯದಲ್ಲಿ ವಿಹಾರಿಗಳ ದೂರು ಪೂರ್ತಿ ನಿರಾಧಾರವಾದುದೇನೂ ಅಲ್ಲ. ವ್ಯಾಪಾರದ ಮೀನನ್ನು ಕೆಲವೇ ಕಟ್ಟೆಗಳಲ್ಲಿ ತೂಗುವುದು ಸುಲಭ. ಸಾವಿರಾರು ಖಾಸಗಿ ದೋಣಿಗಳು ಎಲ್ಲೆಲ್ಲಿಯೋ ದಡ ಹತ್ತಿದರೆ ಅವುಗಳನ್ನು ಎಣಿಸುವರಾರು? ೨೦೧೪ರಲ್ಲಿ ಅಲಬಾಮಾ ಸಂಸ್ಥಾನದವರು, ಪ್ರತಿ ದೋಣಿಯೂ ಮೀನನ್ನು ಇಳಿಸುವುದಕ್ಕೆ ಮುಂಚೆಯೇ ಅದರ ಸಂಖ್ಯೆಯನ್ನು ವರದಿ ಮಾಡತಕ್ಕದ್ದೆಂದು ಕಡ್ಡಾಯಗೊಳಿಸಿದರು. ಲೂಸಿಯಾನಾದವರು ತಮ್ಮದೇ ಆದ ಎಣಿಕೆಯ ಏರ್ಪಾಟನ್ನು ಮಾಡಿಕೊಂಡರು. ೨೦೨೦ರಲ್ಲಿ ಐದು ಸಂಸ್ಥಾನಗಳಿಗೂ ತಮ್ಮ ತಮ್ಮ ಪಾಲನ್ನು ಗೊತ್ತುಮಾಡಿ, ಖಾಸಗಿ ವಿಹಾರಿಗಳಿಗೆ ದಿನ, ಸಂಖ್ಯೆ, ಗಾತ್ರಗಳನ್ನು ವಿಧಿಸುವ ಅಧಿಕಾರವನ್ನು ಅವುಗಳಿಗೇ ವಹಿಸಲಾಯಿತು. ಈ ವರ್ಷ ಮಿತಿ ಮೀರಿದವರಿಗೆ ಮುಂದೆ ಆ ಹೆಚ್ಚಳವು ಕಡಿತವಾಗುವುದು. ಲೆಕ್ಕವನ್ನು ತಾವೇ ಇಟ್ಟು ಫಲವನ್ನೂ ತಾವೇ ಅನುಭವಿಸಬೇಕಾದಾಗ ಜನರು ಲೆಕ್ಕಕ್ಕೆ ಹೆಚ್ಚು ಬೆಲೆಯನ್ನು ಕೊಡುವುದು ಸಹಜ.

ಇನ್ನೊಂದು ತೊಡಕು ಉಳಿಯಿತು. ೧೬ ಅಂಗುಲಕ್ಕೆ ಕಡಿಮೆಯಾದುದನ್ನೂ, ಎರಡಕ್ಕೆ ಹೆಚ್ಚಾದುದನ್ನೂ, ನಿಷಿದ್ಧ ಕಾಲದಲ್ಲಿ ಬೇರೆ ಮೀನಿನ ಗಾಳಕ್ಕೆ ಸಿಕ್ಕಿದುದನ್ನೂ ನೀರಿಗೆ ಬಿಡಬೇಕಷ್ಟೆ. ಬಿಟ್ಟುದೆಲ್ಲ ಬದುಕುವುದಿಲ್ಲ. ಸುಮಾರು ೧೦೦ ಅಡಿ ಆಳದಲ್ಲಿ ಒತ್ತಡವು ಮೇಲಿನದಕ್ಕಿಂತ ನಾಲ್ಕು ಪಟ್ಟು ಇರುತ್ತದೆ. ಅಲ್ಲಿಂದ ಬೇಗನೆ ಎಳೆದ ಮೀನಿನ ಗಾಳಿಚೀಲವು ಉಬ್ಬಿ, ಜಠರವು ಬಾಯಿಯಿಂದ ಹೊರಬೀಳುತ್ತದೆ, ಕಣ್ಣುಗಳು ಹೊರಚಾಚುತ್ತವೆ. ಬಿಟ್ಟರೂ ಅದು ಮುಳುಗಲಾರದೆ ತೇಲುತ್ತ ಶಾರ್ಕಿಗೋ ಡಾಲ್ಫಿನ್ನಿಗೋ ಆಹಾರವಾಗುವುದು. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವನೇ ಹೀಗೆ ಮೀನನ್ನು ಕೊಂದಂತಾಯಿತು! ಇದಕ್ಕೆ ಪರಿಹಾರವು ಅಲ್ಪ ವೆಚ್ಚದ್ದು. ಮೀನಿನ ದವಡೆಗೆ ಚಿಮಟವೊಂದನ್ನು ಸಿಕ್ಕಿಸಿ, ಭಾರ ಕಟ್ಟಿ, ಹುರಿಯಿಂದ ಆಳಕ್ಕೆ ಇಳಿಸಿದರೆ ಒತ್ತಡದಿಂದ ಚೀಲವು ತಾನಾಗಿ ಕುಗ್ಗುವುದು. ಬಳಿಕ ಚಿಮಟವನ್ನು ಬಿಡಿಸಿದರೆ ಮೀನು ಈಜಿ ಹೋಗುವುದು. ಪೊಳ್ಳು ಸೂಜಿಯಿಂದ ಚುಚ್ಚಿ ಗಾಳಿಯನ್ನು ಬಿಡುವುದೂ ಉಂಟು. ಆದರೆ ಪಳಗದ ಕೈಯವರು ಒಳಗಿನ ಅಂಗಗಳನ್ನು ಗಾಯಗೊಳಿಸುವ ಭಯವಿದೆ. ಈ ಎರಡರಲ್ಲಿ ಒಂದಾದರೂ ದೋಣಿಯಲ್ಲಿ ಸಿದ್ಧವಾಗಿರಬೇಕೆಂಬ ಕಾಯಿದೆಯು ೨೦೨೨ನೆಯ ಜನವರಿ ೧೩ರಿಂದ ಜಾರಿಗೆ ಬಂದಿತು.

೨೦೧೮ರ ಪರೀಕ್ಷೆಯಲ್ಲಿ ಈ ಸಂತತಿಯು ಕ್ಷೀಣಸ್ಥಿತಿಯಿಂದ ಹೊರಬಂದಿರುವುದು ಕಂಡುಬಂದಿತು. ೨೦೨೧ರಲ್ಲಿ ಪ್ರಕಟವಾದ ಪ್ರತ್ಯೇಕ ಎಣಿಕೆಯೊಂದು ಹಿಂದಿನ ಅಂದಾಜಿಗಿಂತ ಸುಮಾರು ಮೂರು ಪಟ್ಟು ಮೀನುಗಳಿರುವುದಾಗಿ ಹೇಳಿತು. ವಿಹಾರಿಗಳು ಇದರಿಂದ ತೃಪ್ತರಾದರು. ಸಂತತಿಯನ್ನು ಪೂರ್ತಿಯಾಗಿ ಪುನಃಸ್ಥಾಪಿಸಲು ಮಂಡಲಿಯವರು ಗೊತ್ತುಪಡಿಸಿಕೊಂಡಿರುವ ವರ್ಷವು ೨೦೩೨.