ಬಟ್ಟಿಗೆ ಎಂಥ ಪಂಪು?

ಇಟಿಕ್ಯಾಲದ ಒಂದು ಅಂಗಳ ಎಂದುಕೊಳ್ಳಿ. ಅಕ್ಕ ಮಜ್ಜಿಗೆ ಹುಲ್ಲಿನ ಎಣ್ಣೆ ತೆಗೆಯಬೇಕೆಂದಿದ್ದಾಳೆ. ಇದು ಸಾರಾಯಿ ಬಟ್ಟಿಯಲ್ಲ. ಸಾರಾಯಿ ಇಳಿಸುವುದು ಅಪರಾಧ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ನಮ್ಮ ಹಾಗೆಯೇ ಅಕ್ಷರ ಕಲಿಯುತ್ತ ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಹೋರಾಟ ಹಬ್ಬಿ, 1993ರಲ್ಲಿ ಆಂಧ್ರಪ್ರದೇಶದಲ್ಲಿ ಸಾರಾಯಿ ನಿಷೇಧವಾಯಿತು.

ಎಣ್ಣೆ ಬಟ್ಟಿಯಲ್ಲಿ ಹುಲ್ಲಿನ ಆವಿ ಸುರುಳಿ ಕೊಳವೆಯಲ್ಲಿ ಬರುತ್ತದೆ. ಕೊಳವೆಯ ಸುತ್ತ ತಣ್ಣೀರು ಇರಬೇಕು. ಆಗ ಆವಿ ನೀರಾಗಿ ಇಳಿಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಕೃಷ್ಣಾ ನದಿ ಬೀಚುಪಲ್ಲಿಯಲ್ಲಿ ಹರಿಯುತ್ತದೆ, ಆದರೆ ಅಂಗಳಕ್ಕೆ ಬರುವುದಿಲ್ಲ. ಆದ್ದರಿಂದ ತೊಟ್ಟಿಯ ನೀರನ್ನೇ ಪಂಪಿನಿಂದ ತಿರುಗಿಸಬೇಕು.

“ತಮ್ಮಾ, ಅಂಗಡ್ಯಾವ ಅರ್ಧ ಹೆಚ್‌ಪಿ ಮೋಟರ್ ತೊಗೋ ಅಂತಾನ.”

“ಬ್ಯಾಡಕ್ಕಾ. ಕರೆಂಟ್ ಬಿಲ್ ಯಾರು ಕಟ್ಟತಾರ? ಬಟ್ಟಿಯಿಂದ ತಾಸಿಗೆ ಎಷ್ಟು ಇಳಿತದ?”

“ಐದು ಲೀಟರ್.”

“ಒಂದು ಲೀಟರ್ ಇಳೀಬೇಕಾದ್ರ 30 ಲೀಟರ್ ತಣ್ಣೀರು ಹರೀಬೇಕು. ಆ ನೀರು 20 ಡಿಗ್ರಿ ಬಿಸಿ ಆಗತದ. ಐದಕ್ಕ 150 ಲೀಟರ್. ಕೂಲರಿನ ಸಣ್ಣ ಪಂಪೇ ಸಾಕು.”

ಆದರೆ ಡಬ್ಬಿಯ ಮೇಲಿನ ಅಂಕಿ ನೋಡಿ ಮೋಸಹೋಗಬೇಡಿ. ‘ಹೆಡ್ 6 ಅಡಿ’ ಎಂದರೆ 6 ಅಡಿ ಎತ್ತರಕ್ಕೆ ನೀರು ಬರುವುದು ನಿಂತೇಹೋಗುತ್ತದೆ ಎಂದರ್ಥ! ತೊಟ್ಟಿಯ ನೀರಿನಿಂದ 4 ಅಡಿ ಮೇಲೆ ಬೇಕಾದರೆ 8–10 ಅಡಿ ಹೆಡ್ ಇರುವ ಪಂಪು ಕೇಳಿ. ತಂದ ಮೇಲೆ ಅಷ್ಟೇ ಎತ್ತರಕ್ಕೆ ಪೈಪು ಹಿಡಿದು, ಗಡಿಯಾರ ನೋಡಿ. 10 ಲೀಟರ್ ಬಕೇಟು 4 ನಿಮಿಷದೊಳಗೆ ತುಂಬಿದರೆ ಪಂಪು ಸರಿ. ನೀರನ್ನು ಸುರುಳಿಯ ಕೆಳಗಿನಿಂದ ಬಿಡಿ, ಬಿಸಿನೀರು ಮೇಲಿನಿಂದ ಹೋಗಲಿ.

ಪಂಪು ನೀರನ್ನು ತಿರುಗಿಸುತ್ತದೆ, ತಣ್ಣಗೆ ಮಾಡುವುದಿಲ್ಲ. 200 ಲೀಟರ್ ಡ್ರಮ್ಮಿನ ನೀರು ಮೂರು ತಾಸಿನಲ್ಲಿ ಸುಮಾರು 45 ಡಿಗ್ರಿ ಏರುತ್ತದೆ. ಆಮೇಲೆ ಆವಿ ಇಳಿಯದು, ಎಣ್ಣೆ ಗಾಳಿಗೆ ಹೋಗುತ್ತದೆ. ಬೇಸಿಗೆಯಲ್ಲಂತೂ ಕೇಳಲೇಬೇಡಿ. 1000 ಲೀಟರ್ ತೊಟ್ಟಿಯಾದರೆ 9 ಡಿಗ್ರಿ ಮಾತ್ರ ಏರುತ್ತದೆ. ದೊಡ್ಡ ಪಂಪಿನ ರೊಕ್ಕವನ್ನು ತೊಟ್ಟಿಗೆ ಹಾಕುವುದೇ ಜಾಣತನ.

“ಕರೆಂಟ್ ಹೋದ್ರ?”

“ಪಂಪು ನಿಂತರೂ ಒಲಿ ನಿಲ್ಲಂಗಿಲ್ಲಕ್ಕಾ. ಮೊದಲು ಕಟ್ಟಿಗಿ ಹೊರಗ ಎಳಿ. ಆವಿ ಕೈ ಸುಡತದ. ಕಟ್ಟೆ ಮ್ಯಾಲ ಒಂದು ಡ್ರಮ್ ನೀರು ಇಟ್ಟು ನಳ ಕೂಡ್ರಿಸಿರು, ತಿರುವಿದ್ರ ತಾನೇ ಹರಿತದ.”

ಈ ಪಂಪು ನೀರಿನಲ್ಲಿ ಮುಳುಗಿ ಓಡುತ್ತದೆ. ನೀರು ಕಡಿಮೆಯಾದರೆ ಸುಟ್ಟುಹೋಗುತ್ತದೆ. ವಯರು ಹರಿದಿದ್ದರೆ ನೀರಿಗೇ ಕರೆಂಟು ಬರುತ್ತದೆ, ಜೀವ ಹೋಗಬಹುದು. ಪ್ಲಗ್ ಕಿತ್ತ ಮೇಲೆಯೇ ತೊಟ್ಟಿಗೆ ಕೈ ಹಾಕಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಪಂಪು ಹಚ್ಚಬೇಡಿ.

ಲೆಕ್ಕ ಮಾಡಿ: ಬಟ್ಟಿಯಿಂದ ತಾಸಿಗೆ 4 ಲೀಟರ್ ಇಳಿದರೆ, 10 ಲೀಟರ್ ಬಕೇಟು ಎಷ್ಟು ನಿಮಿಷದಲ್ಲಿ ತುಂಬಬೇಕು?