ಮೊದಲು ಹೊಲಿಗೆ, ಆಮೇಲೆ ಕತ್ತರಿ

ಪ್ರಶ್ನೆ: ನಾವು ನಾಸಿಕ್‌ನಲ್ಲಿರುವ ಕನ್ನಡಿಗರು. ಯೇವಲಾದಲ್ಲಿ ಕೊಂಡ ಪೈಠಣಿ ಸೀರೆಯ ಬ್ಲೌಸ್ ಪೀಸು, ಛತ್ರಪತಿ ಸಂಭಾಜಿನಗರದಿಂದ ತಂದ ಹಿಮ್ರೂ ಶಾಲಿನ ತುಂಡು ಮನೆಯಲ್ಲಿವೆ. ಇವುಗಳಿಂದ ಅಡ್ಡ ಹೆಗಲಿಗೆ ಹಾಕುವ ಸಣ್ಣ ಕ್ವಿಲ್ಟ್ ಬ್ಯಾಗ್ ಹೊಲಿಯುವ ಆಸೆ. ಸಾದಾ ಬಟ್ಟೆಯಲ್ಲಿ ಮಾಡಿ ನೋಡಿದಾಗ, ಪ್ಯಾಟರ್ನ್ ಪ್ರಕಾರವೇ ಕತ್ತರಿಸಿದ್ದರೂ ಹೊಲಿದ ಮೇಲೆ ತುಂಡುಗಳು ಚಿಕ್ಕವಾದವು. ಯಾಕೆ ಹೀಗೆ?
– ಓದುಗರು, ನಾಸಿಕ್

ಉತ್ತರ: ನಿಮ್ಮ ಅಳತೆ ಸರಿಯಾಗಿಯೇ ಇದೆ, ಕೆಲಸದ ಕ್ರಮ ಬದಲಾಗಬೇಕು. ಮೇಲಿನ ಬಟ್ಟೆ, ನಡುವಿನ ಹತ್ತಿ, ಒಳಗಿನ ಲೈನಿಂಗ್ ಮೂರನ್ನೂ ಸೇರಿಸಿ ಹೊಲಿದಾಗ ಸಾಲು ಬಿದ್ದಲ್ಲಿ ಬಟ್ಟೆ ತಗ್ಗುತ್ತದೆ, ಸಾಲುಗಳ ನಡುವೆ ಉಬ್ಬುತ್ತದೆ. ಈ ಏರಿಳಿತಕ್ಕೆ ಬೇಕಾದ ಬಟ್ಟೆ ಉದ್ದಗಲದಿಂದಲೇ ಹೋಗುತ್ತದೆ. ಸಾಲು ಹತ್ತಿರವಾದಷ್ಟೂ, ಹತ್ತಿ ದಪ್ಪವಾದಷ್ಟೂ ಕುಗ್ಗುವುದು ಹೆಚ್ಚು. ಆದ್ದರಿಂದ ಪ್ಯಾಟರ್ನಿಗಿಂತ ಸುತ್ತಲೂ ಒಂದಿಂಚು ಹೆಚ್ಚು ಬಿಟ್ಟು ಮೊದಲು ಕ್ವಿಲ್ಟ್ ಮಾಡಿ. ಆಮೇಲೆ ಕಾಗದದ ಪ್ಯಾಟರ್ನ್ ಮೇಲಿಟ್ಟು ಗುರುತು ಹಾಕಿ ಕತ್ತರಿಸಿ.

ಹೊಲಿಗೆ ಎಲ್ಲಿಂದ ಶುರುಮಾಡುತ್ತೀರಿ ಎಂಬುದೂ ಮುಖ್ಯ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಹಿಡಿದು, ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಕೈಹೊಲಿಗೆಯಲ್ಲಿ ಹೆಜ್ಜೆಹೆಜ್ಜೆಗೂ ಬೆರಳು ಪದರಗಳನ್ನು ಸರಿಪಡಿಸುವುದರಿಂದ ಅದು ಚೆನ್ನಾಗಿ ಕೂರುತ್ತದೆ. ಮಶೀನಿನ ರೀತಿ ಬೇರೆ. ಕೆಳಗಿನ ಹಲ್ಲುಗಳು ಅಡಿಯ ಬಟ್ಟೆಯನ್ನು ಎಳೆದೊಯ್ಯುತ್ತವೆ, ಮೇಲಿನ ಫುಟ್ ಮೇಲ್ಪದರವನ್ನು ತಡೆಯುತ್ತದೆ. ಅಂಚಿನಿಂದ ಶುರುಮಾಡಿದರೆ ಹೆಚ್ಚಾದ ಬಟ್ಟೆ ನಡುವೆ ನೆರಿಗೆಯಾಗಿ ಸಿಕ್ಕಿಕೊಳ್ಳುತ್ತದೆ. ಮೂರೂ ಪದರಕ್ಕೆ ಕಚ್ಚಾ ಹೊಲಿಗೆ ಹಾಕಿಕೊಂಡು, ನಡುವಿನ ಸಾಲಿನಿಂದ ಎರಡೂ ಬದಿಗೆ ಸಾಗಿ. ಸಾಲುಗಳ ನಡುವೆ ಒಂದಿಂಚು ಅಂತರ, 3 ಮಿಲಿಮೀಟರ್ ಉದ್ದದ ಹೊಲಿಗೆ ಸಾಕು.

ಇನ್ನು ನಿಮ್ಮ ಎರಡು ಬಟ್ಟೆಗಳು. ಗೋದಾವರಿ ದಂಡೆಯ ಪೈಠಣ ಸಂಭಾಜಿನಗರ ಜಿಲ್ಲೆಯದು, ಯೇವಲಾ ನಾಸಿಕ್ ಜಿಲ್ಲೆಯದು. 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಪೈಠಣಿ ಈ ಎರಡೂ ಊರುಗಳ ಮಗ್ಗದ್ದು. ನಿಮ್ಮ ಪೀಸಿನ ಅಂಚನ್ನು ತಿರುವಿ ನೋಡಿ. ಕೈಮಗ್ಗದಲ್ಲಿ ಬಣ್ಣದ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ನೇಯುವುದರಿಂದ ಹಿಂದೂ ಮುಂದೂ ಒಂದೇ ಚಿತ್ರ ಕಾಣುತ್ತದೆ, ಜೋತಾಡುವ ಎಳೆ ಇರುವುದಿಲ್ಲ. ಹಿಮ್ರೂ ಹತ್ತಿಯ ಹಾಸಿನಲ್ಲಿ ರೇಷ್ಮೆಯ ಹೊಕ್ಕು ಕೊಟ್ಟ ನೇಯ್ಗೆ. ಹೂವಿನ ರೇಷ್ಮೆಯೆಳೆಗಳು ಬೆನ್ನಲ್ಲಿ ಸಡಿಲವಾಗಿ ಹಾಯ್ದಿರುತ್ತವೆ, ಕತ್ತರಿ ಬಿದ್ದ ಕೂಡಲೇ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಹಿಮ್ರೂಗೆ ಮೊದಲು ಹಿಂಬದಿಯಲ್ಲಿ ತೆಳು ಪೇಸ್ಟಿಂಗ್ ಕ್ಯಾನ್ವಾಸ್ ಅಂಟಿಸಿ, ಆಮೇಲೆ ಕತ್ತರಿಸಿ. ಇಸ್ತ್ರಿಯನ್ನು ತುದಿಯಲ್ಲಿ ಪರೀಕ್ಷಿಸಿ, ಮೇಲೆ ಹತ್ತಿ ಬಟ್ಟೆ ಹಾಸಿಯೇ ಒತ್ತಿ. ರೇಷ್ಮೆಯಲ್ಲಿ ಸೂಜಿ ತೂತು ಉಳಿದುಬಿಡುವುದರಿಂದ ಬಿಚ್ಚಿ ಹೊಲಿಯುವ ಪ್ರಸಂಗ ಬರಬಾರದು. ಜರಿಯ ಮೇಲೆ ಸಾಲು ಹಾಯಿಸದೆ ಅದರ ಪಕ್ಕದಲ್ಲೇ ಹೊಲಿಯಿರಿ.

ಪಟ್ಟಿಗೆ ಪೈಠಣಿ ಬೇಡ. ಹೆಗಲ ಮೇಲೆ ಉಜ್ಜಿ ಜರಿ ಹಾಳಾಗುತ್ತದೆ, ಗಟ್ಟಿ ಹತ್ತಿ ಬೆಲ್ಟ್ ಪಟ್ಟಿ ಬಳಸಿ. ಒಂದು ಹೆಗಲಿನಿಂದ ಎದುರು ಬದಿಯ ಸೊಂಟಕ್ಕೆ ದಾರ ಸುತ್ತಿ ಉದ್ದ ಅಳೆದುಕೊಳ್ಳಿ. ಜಿಪ್ ಮೊದಲು ಕೂರಿಸಿ, ಅರ್ಧ ತೆರೆದಿಟ್ಟು ಬದಿ ಹೊಲಿಯಿರಿ; ಮುಚ್ಚಿದ್ದರೆ ಬ್ಯಾಗನ್ನು ಹೊರಮಗ್ಗುಲಿಗೆ ತಿರುವಲಾಗದು. ಮಾರ್ಜಿನ್‌ನಲ್ಲಿ ಉಳಿದ ಹತ್ತಿಯನ್ನು ಕತ್ತರಿಸಿ ತೆಗೆದು, ಕ್ರಾಸ್ ಪಟ್ಟಿಯಿಂದ ಅಂಚು ಮುಚ್ಚಿ.

ಪೈಠಣಿಗೆ ಕೈಹಾಕುವ ಮೊದಲು 10 ಇಂಚಿನ ಚೌಕದ ಸಾದಾ ಬಟ್ಟೆಯನ್ನು ಅದೇ ಹತ್ತಿ, ಅದೇ ದಾರದಲ್ಲಿ ಕ್ವಿಲ್ಟ್ ಮಾಡಿ ಅಳೆಯಿರಿ. ಎಷ್ಟು ಕುಗ್ಗಿತೋ ಅದೇ ನಿಮ್ಮ ಕೈಯ ಲೆಕ್ಕ. ಕೈಮಗ್ಗದ ಮುಂದೆ ದಿನಗಟ್ಟಲೆ ಕೂತು ನೇಯ್ದ ಬಟ್ಟೆಗೆ ಕತ್ತರಿ ಹಾಕುವಾಗ ಇಷ್ಟು ಎಚ್ಚರ ಇರಲೇಬೇಕು.